ಬೀಳಲೊಲ್ಲದ ಸರ್ವರ್

ಮನೆಗೆ ಬಂದವರಿಗೆ ‘ಇನ್ನು ಎದ್ದು ಹೋಗಿ’ ಎಂದು ಹೇಳುವ ಒಂದೇ ಒಂದು ಸಾಲು ಬರೆಯಲು ಪೆನಿಯಾಸಿಗೆ ಕೈ ಬರಲಿಲ್ಲ. ಆ ದಿನದ ರಾಮಾಯಣಕ್ಕೆಲ್ಲ ಅದೇ ಮೂಲ.

ಮನೆ ಎಂದರೆ ನಿಜವಾದ ಮನೆಯಲ್ಲ, ಸುವಾ ಪಟ್ಟಣದ ಹಡಗು ಕಚೇರಿಯೊಂದರಲ್ಲಿ ಅವನು ನೋಡಿಕೊಳ್ಳುತ್ತಿದ್ದ ಸರ್ವರ್. ಸುವಾದಿಂದ ಹೊರಟು ಸವುಸವು ರೇವು ಮುಟ್ಟಿ ತವೆಯೂನಿ ದ್ವೀಪಕ್ಕೆ ಹೋಗುವ ‘ಮರಾಮಾ’ ಹಡಗಿನಲ್ಲಿ ಸೀಟು ಬೇಕಾದವರು ತಮ್ಮ ಫೋನಿನಲ್ಲಿ ಒಂದು ಪುಟ ತೆರೆಯುತ್ತಾರೆ. ಹಾಗೆ ತೆರೆದ ಒಬ್ಬೊಬ್ಬರೂ ಸರ್ವರಿನ ಮಟ್ಟಿಗೆ ಬಾಗಿಲಿಗೆ ಬಂದ ನೆಂಟರೇ. ಪೆನಿಯಾಸಿಯ ಹಳೇ ಪ್ರೋಗ್ರಾಮು ಆ ನೆಂಟರಲ್ಲಿ ಒಬ್ಬೊಬ್ಬರಿಗೂ ಒಬ್ಬೊಬ್ಬ ಆಳನ್ನು ಕೊಡುತ್ತಿತ್ತು. ನೆಂಟ ಹೆಸರು ಬರೆಯುವವರೆಗೂ, ಯಾವ ಊರಲ್ಲಿ ಇಳಿಯಲಿ ಎಂದು ಯೋಚಿಸುವವರೆಗೂ, ನಡುವೆ ಚಹಾ ಕುಡಿದು ಬರುವವರೆಗೂ ಆ ಆಳು ಅವನ ಮುಂದೆಯೇ ಕೈಕಟ್ಟಿ ನಿಂತಿರಬೇಕು. ಹತ್ತಿಪ್ಪತ್ತು ಜನ ಬಂದರೆ ಸೊಗಸು. ಆದರೆ ಕ್ರಿಸ್‌ಮಸ್ ಪ್ರಯಾಣದ ಟಿಕೆಟ್ ತೆರೆಯುವ ದಿನ ಊರಿಗೆ ಊರೇ ಬಂದಾಗ ಆಳುಗಳೇ ಮನೆ ತುಂಬಿಕೊಂಡು, ನೆಂಟರಿಗೆ ಕಾಲಿಡಲು ಜಾಗವಿಲ್ಲದೆ, ಸರ್ವರ್ ಕಳಿತ ಹಲಸಿನ ಹಾಗೆ ಧೊಪ್ಪನೆ ಬೀಳುತ್ತಿತ್ತು. ಹೋದ ವರ್ಷ ಬಿತ್ತು. ಅದರ ಹಿಂದಿನ ವರ್ಷವೂ ಬಿತ್ತು.

ಈ ವರ್ಷ ಪೆನಿಯಾಸಿ ಬುದ್ಧಿ ಓಡಿಸಿದ್ದ. ಪುಸ್ತಕ ನೋಡಿ, ತಪ್ಪು ಮಾಡಿ, ಮತ್ತೆ ಪುಸ್ತಕ ನೋಡಿ ತಾನಾಗಿ ಕಲಿತವನು ಅವನು. ಒಂದು ಸಂಜೆ ಯಂಗೋನ ಎಂಬ ಬೇರಿನ ಪಾನೀಯ ಕುಡಿಯಲು ಕೂತಿದ್ದಾಗ ಅವನಿಗೆ ಥಟ್ಟನೆ ಹೊಳೆಯಿತು: ಬೇರು ಕಲಸಿದ ಬೋಗುಣಿಯ ಸುತ್ತ ಎಷ್ಟೇ ಜನ ಕೂತಿರಲಿ, ತೆಂಗಿನ ಚಿಪ್ಪಿನಲ್ಲಿ ತಂದುಕೊಡುವವನು ಒಬ್ಬನೇ. ಅವನು ಯಾರ ಮುಂದೆಯೂ ಸುಮ್ಮನೆ ನಿಂತಿರುವುದಿಲ್ಲ. ಕುಡಿಯಲು ಸಿದ್ಧನಾದವನು ಒಂದು ಚಪ್ಪಾಳೆ ತಟ್ಟುತ್ತಾನೆ. ಇವನು ಅತ್ತ ಹೋಗುತ್ತಾನೆ, ಕೊಡುತ್ತಾನೆ, ಇನ್ನೊಂದು ಚಪ್ಪಾಳೆಯ ಕಡೆ ತಿರುಗುತ್ತಾನೆ. ಹರಟುವವರು ಹರಟಲಿ, ತೂಕಡಿಸುವವರು ತೂಕಡಿಸಲಿ. ಪೆನಿಯಾಸಿ ಆಳುಗಳನ್ನೆಲ್ಲ ಕೆಲಸದಿಂದ ತೆಗೆದುಹಾಕಿ, ಚಪ್ಪಾಳೆ ಕೇಳಿ ಓಡುವ ಒಬ್ಬನನ್ನೇ ಇಟ್ಟ. ಸರ್ವರ್ ಮೀನಿನಂತೆ ಈಜತೊಡಗಿತು.

ಆದರೂ ಒಂದು ಕೊರತೆ. ಚಪ್ಪಾಳೆ ತಟ್ಟದೆ ಕೂತವರೂ ಒಂದೊಂದು ಚಾಪೆ, ಎಂದರೆ ಸರ್ವರಿನಲ್ಲಿ ಒಂದೊಂದು ಜಾಗ, ಹಿಡಿದಿರುತ್ತಾರಲ್ಲ! ಯಾವ ಸರ್ವರಿನಲ್ಲಾದರೂ ಚಾಪೆಗಳಿಗೆ ಒಂದು ಮಿತಿ ಇದ್ದೇ ಇದೆ. ‘ಬಹಳ ಹೊತ್ತು ಸುಮ್ಮನೆ ಕೂತವರ ಸಂಪರ್ಕವನ್ನು ಕಡಿದುಹಾಕಿ’ ಎಂದು ಪುಸ್ತಕಗಳೆಲ್ಲ ಹೇಳುತ್ತಿದ್ದವು. ಪೆನಿಯಾಸಿ ಆ ಸಾಲು ಬರೆದ, ಅಳಿಸಿದ; ಮತ್ತೆ ಬರೆದ, ಮತ್ತೆ ಅಳಿಸಿದ. ದಾರಿಯಲ್ಲಿ ಹೋಗುವವರನ್ನೂ “ಬನ್ನಿ, ಊಟ ಮಾಡಿ” ಎಂದು ಕೂಗಿ ಕರೆಯುವ ಜನ ನಾವು. ಬಂದು ಕೂತವರನ್ನು ಕತ್ತು ಹಿಡಿದು ಹೊರಗೆ ಹಾಕುವುದೇ? ಪುಸ್ತಕ ಬರೆದವರಿಗೆ ಅಜ್ಜಿ ಇರಲಿಲ್ಲ ಎಂದು ಕಾಣುತ್ತದೆ, ಅಂದುಕೊಂಡು ಅವನು ಆ ಸಾಲನ್ನು ಬಿಟ್ಟೇಬಿಟ್ಟ.

ಟಿಕೆಟ್ ತೆರೆಯುವ ದಿನ ಬಂತು. ಬೆಳಿಗ್ಗೆ ಹೆಂಡತಿ ವಸೀಟಿ ನಿಂಬೆ ಎಲೆಯ ಚಹಾ ಬಗ್ಗಿಸುತ್ತಾ ಕೇಳಿದಳು:

“ಇವತ್ತು ಬೀಳುತ್ತೇನ್ರೀ?”

“ಇಲ್ಲ ಕಣೇ. ಈ ಸಲ ಬೀಳೋ ಮಾತೇ ಇಲ್ಲ.”

ಲೋಟಕ್ಕೆ ಹಾಕಬೇಕಾದ ಸಕ್ಕರೆಯನ್ನು ವಸೀಟಿ ಉಪ್ಪಿನ ಡಬ್ಬಿಗೆ ಹಾಕಿದಳು.

“ಸ್ವಲ್ಪಾನೂ ಬೀಳಲ್ವಾ?”

“ಸರ್ವರ್ ಅಂದ್ರೆ ಮಳೆ ಅಂದ್ಕೊಂಡ್ಯಾ, ಸ್ವಲ್ಪ ಬೀಳೋಕೆ, ಜೋರಾಗಿ ಬೀಳೋಕೆ? ನೋಡ್ತಿರು, ಈ ವರ್ಷ ನಿಮ್ಮಪ್ಪನ ಊರಿನೋರೆಲ್ಲ ನನ್ನ ಹೆಸರು ಹೇಳ್ಬೇಕು.”

“ಹೇಳ್ತಾರೆ, ಹೇಳ್ತಾರೆ,” ಎಂದಳು ವಸೀಟಿ. ಆ ದನಿಯಲ್ಲಿ ಹೆಮ್ಮೆ ಎಲ್ಲಿದೆ ಎಂದು ಅವನು ಹುಡುಕಿದ. ಸಿಗಲಿಲ್ಲ. “ಬಿದ್ರೂ ಬೇಜಾರ್ ಮಾಡ್ಕೋಬೇಡಿ. ಮನುಷ್ಯರೇ ಬೀಳ್ತಾರಂತೆ.”

ಮೆಟ್ಟಿಲಿಳಿದರೆ ಕೆಳಮನೆಯ ಲೊಸಾನಾ ಅಜ್ಜಿ, ಬೇಯಿಸಿದ ಮರಗೆಣಸಿನ ಪೊಟ್ಟಣ ಹಿಡಿದು ದಾರಿಗೆ ಅಡ್ಡ ನಿಂತಿದ್ದಳು. ಆ ಕಟ್ಟಡದಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವುದೂ ಅವಳಿಗೆ ಗೊತ್ತಾಗದೆ ಇರುತ್ತಿರಲಿಲ್ಲ.

“ತಗೋ ಮಗಾ. ನಿನಗೋಸ್ಕರ ಬೆಳಿಗ್ಗೇನೇ ದೇವರ ಹತ್ರ ಕೇಳ್ಕೊಂಡಿದೀನಿ.”

“ಏನಂತ ಅಜ್ಜಿ? ಸರ್ವರ್ ನಿಲ್ಲಲಿ ಅಂತಾನಾ?”

“ನಿನ್ನಿಷ್ಟದಂತೆ ಆಗ್ಲಿ ಅಂದೆ.”

“ನನ್ನಿಷ್ಟಾನಾ?”

“ದೇವರಿಷ್ಟ ಕಣೋ! ದೇವರ ಹತ್ರ ನಿನ್ನಿಷ್ಟ ಯಾಕೆ ಮಾತಾಡ್ಲಿ?”

“ನಿಮಗೂ ಊರಿಗೆ ಹೋಗೋ ಆಸೆ ಇರ್ಬೇಕಲ್ವಾ ಅಜ್ಜಿ?”

“ಅಯ್ಯೋ! ಊರಂದ್ರೆ ಪ್ರಾಣ ಕಣೋ ನನಗೆ. ಕಣ್ಮುಚ್ಚಿದ್ರೆ ನಮ್ಮಣ್ಣನ ಮನೆ ತೆಂಗಿನ ಮರಗಳೇ ಕಾಣ್ತವೆ. ಏನ್ಮಾಡೋದು, ಪ್ರತಿ ವರ್ಷ ನಿನ್ನ ಸರ್ವರು...” ಎಂದು ಅಜ್ಜಿ ಬಿಟ್ಟ ನಿಟ್ಟುಸಿರಿಗೆ ಪೆನಿಯಾಸಿಯ ಕಣ್ಣು ಒದ್ದೆಯಾಯಿತು. ಈ ಮುದುಕಿಗಾಗಿಯಾದರೂ ಇವತ್ತು ಸರ್ವರನ್ನು ನಿಲ್ಲಿಸಲೇಬೇಕು ಎಂದು ಬಸ್ಸಿನಲ್ಲಿ ಮರಗೆಣಸು ತಿನ್ನುತ್ತಾ ಪ್ರತಿಜ್ಞೆ ಮಾಡಿದ.

ಕಚೇರಿಯ ಗೇಟಿನಲ್ಲಿ ಕಾವಲುಗಾರ ಎಲಿಕಿ. ಪೆನಿಯಾಸಿಗೆ ಅವನು ಸೋದರಮಾವನ ಮಗ, ಎಂದರೆ ಭಾವ. ಭಾವನಿಗೆ ಭಾವ ಏನು ಅಂದರೂ ಸಿಟ್ಟಾಗುವಂತಿಲ್ಲ ಎನ್ನುವುದು ಅಲ್ಲಿನ ಕಟ್ಟಳೆ. ಆ ಕಟ್ಟಳೆಯನ್ನು ಎಲಿಕಿ ದಿನಾ ಚೆನ್ನಾಗಿ ದುಡಿಸಿಕೊಳ್ಳುತ್ತಿದ್ದ.

“ಏನ್ ಭಾವ, ಇವತ್ತು ಎಷ್ಟು ಹೊತ್ತಿಗೆ ಬೀಳಿಸ್ತೀಯ?”

“ಬೀಳಿಸಲ್ಲ ಭಾವ.”

“ತಮಾಷೆ ಬಿಡು. ಊಟಕ್ಕೆ ಮುಂಚೇನೋ, ಆಮೇಲೋ?”

“ಬೀಳಲ್ಲ ಅಂದೆನಲ್ಲಾ!”

ಎಲಿಕಿಯ ನಗು ಮಾಸಿತು. “ಹಂಗನ್ಬೇಡ ಭಾವ. ಕ್ರಿಸ್‌ಮಸ್ ಮಾರನೇ ದಿನ ನಮ್ಮ ಬೀದಿ ಹುಡುಗ್ರು ರಗ್ಬಿ ಪಂದ್ಯ ಇಟ್ಕೊಂಡಿದಾರೆ. ನನ್ನ ಬಿಟ್ರೆ ಅವರಿಗೆ ಆಡೋರು ಯಾರಿದಾರೆ?”

“ಪಂದ್ಯಕ್ಕೂ ನನ್ನ ಸರ್ವರಿಗೂ ಏನ್ ಸಂಬಂಧ?”

“ಏನೂ ಇಲ್ಲ,” ಎಂದು ಎಲಿಕಿ ಆಕಾಶ ನೋಡಿದ. “ನಿನ್ನ ತಲೆ ಮೇಲೆ ತೆಂಗಿನಕಾಯಿ ಬಿದ್ರೆ ಕಾಯಿಗೇ ಪೆಟ್ಟಾಗೋದು. ನಡಿ ಒಳಗೆ.”

ಒಳಗೆ ಮ್ಯಾನೇಜರ್ ಜೊವಿಲಿಸಿ ಹಜಾರದ ನಡುವೆ ನಿಂತಿದ್ದರು. ಹರೆಯದಲ್ಲಿ ರಗ್ಬಿ ಆಡಿದ ದೇಹ. ಬಾಗಿಲಲ್ಲಿ ನಿಂತರೆ ಗಾಳಿಗೂ ಅವರ ಅಪ್ಪಣೆ ಬೇಕು. ಎಲ್ಲರಿಗೂ ಕೇಳುವಂತೆ ಗುಡುಗಿದರು:

“ಲೋ ಪೆನಿಯಾಸಿ! ಇವತ್ತು ಸರ್ವರ್ ಬಿತ್ತೋ, ನಾಳೆಯಿಂದ ನೀನು ರೇವಿನ ಗೋದಾಮಿನಲ್ಲಿ ಮೂಟೆ ತೂಗ್ತೀಯ. ತಿಳೀತಾ?”

“ತಿಳೀತು ಬಾಸ್.”

“ಬೀಳ್ಬಾರದು!” ಎಂದು ಇನ್ನೊಮ್ಮೆ ಗುಡುಗಿ, ಹತ್ತಿರ ಬಂದು ಮೆಲ್ಲಗೆ, “ಆದ್ರೂ ಆಗಬೇಕಾದ್ದು ಆಗುತ್ತೆ ಬಿಡು. ತುಂಬಾ ಮೈಮೇಲೆ ಹಾಕ್ಕೋಬೇಡ,” ಎಂದರು.

ಪೆನಿಯಾಸಿಗೆ ತಲೆಬುಡ ಅರ್ಥವಾಗಲಿಲ್ಲ. ಗೋದಾಮೆಂದರೆ ಸಿಮೆಂಟಿನ ಧೂಳು, ಕೊಬ್ಬರಿಯ ಕಮಟು, ಹೆಗ್ಗಣಗಳ ಸಹವಾಸ, ತಗಡಿನ ಮಾಡಿನ ಕೆಳಗೆ ಇಡೀ ಆಯುಷ್ಯ! ಕಂಪ್ಯೂಟರಿನ ಮುಂದಿನ ಆ ಮುರುಕು ಕುರ್ಚಿ ಅವನ ಪ್ರಾಣ. ಅದರ ಮೇಲೆ ಕೂತು, ಯೇಸುವನ್ನು ನೆನೆದು, ಟಿಕೆಟ್ ತೆರೆದ.

ಜನ ಬಂದರು. ನೂರಾರು, ಆಮೇಲೆ ಸಾವಿರ, ಆಮೇಲೆ ಲೆಕ್ಕವಿಲ್ಲ. ಪೆನಿಯಾಸಿಯ ಒಂಟಿ ಪರಿಚಾರಕ ಚಪ್ಪಾಳೆ ಕೇಳಿದಲ್ಲಿಗೆ ಓಡಿದ, ಕೊಟ್ಟ, ತಿರುಗಿದ, ಮತ್ತೆ ಓಡಿದ. ಸರ್ವರ್ ಮುಗ್ಗರಿಸಲಿಲ್ಲ, ಕೆಮ್ಮಲೂ ಇಲ್ಲ. ಸಂತೋಷ ತಡೆಯಲಾರದೆ ಪೆನಿಯಾಸಿ ಬಾಗಿಲಿಗೆ ಬಂದು ಕೂಗಿದ: “ನಿಂತಿದೆ! ಬಂಡೆ ಥರ ನಿಂತಿದೆ!”

ಕಚೇರಿಯಲ್ಲಿ ಯಾರೂ ಕುಣಿಯಲಿಲ್ಲ. ಲೆಕ್ಕಪತ್ರದ ಪ್ರನೀತಾ ರೋಟಿಯ ತುಂಡನ್ನು ಬಾಯಿಯ ಹತ್ತಿರ ಹಿಡಿದು ಹಾಗೇ ಕೂತಿದ್ದಳು. ಎಲಿಕಿ ಟೊಪ್ಪಿಗೆ ತೆಗೆದು ಎದೆಗೆ ಹಿಡಿದಿದ್ದ. ಯಾರೋ ತೀರಿಕೊಂಡ ಸುದ್ದಿ ಹೇಳಿದೆನೋ ಏನೋ ಎಂದು ಪೆನಿಯಾಸಿಗೆ ತನ್ನ ಮಾತಿನ ಮೇಲೇ ಅನುಮಾನ ಬಂತು.

“ಭೈಯಾ, ನಿಜವಾಗ್ಲೂ?” ಎಂದಳು ಪ್ರನೀತಾ. ಅವಳ ಅತ್ತೆಯ ಮನೆ ಲಂಬಾಸದಲ್ಲಿ. ಸವುಸವುವಿನಲ್ಲಿ ಇಳಿದು ಬಸ್ಸು ಹಿಡಿಯಬೇಕು.

“ನಿಜ ದೀದಿ! ನೀವು ಇನ್ನೂ ಟಿಕೆಟ್ ತಗೊಂಡಿಲ್ವಾ?”

“ತಗೋತೀನಿ, ತಗೋತೀನಿ. ಮೊದ್ಲು ಈ ರೋಟಿ ತಿನ್ನಿ ನೀವು. ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕಿಲ್ಲ. ಇಲ್ಲೇ ಕೂತ್ಕೊಳಿ, ನಿಧಾನವಾಗಿ ತಿನ್ನಿ.”

ಅವಳು ಒಂದು ರೋಟಿ ತಿನ್ನಿಸಿ, ಬೇಡವೆಂದರೂ ಇನ್ನೊಂದು ತುರುಕಿದಳು. ಅದು ಮುಗಿಯುವಷ್ಟರಲ್ಲಿ ಎಲಿಕಿ ಬಂದು ತೋಳು ಹಿಡಿದ: “ಬಾ ಭಾವ, ಬಾಸ್ ಯಂಗೋನ ಕಲಸಿದಾರೆ. ನಿನ್ನ ಗೆಲುವಿಗೆ.”

“ಕೆಲಸದ ಹೊತ್ತಲ್ಲಾ?”

“ಬಾಸ್ ಕರೆದ್ರೆ ಅದೂ ಕೆಲಸಾನೇ.”

ಹಿಂದಿನ ಕೋಣೆಯಲ್ಲಿ ಜೊವಿಲಿಸಿ ಬೋಗುಣಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಪೆನಿಯಾಸಿಗೆ ಚಿಪ್ಪಿನ ಮೇಲೆ ಚಿಪ್ಪು ಬಂತು. ಒಂದು ಕುಡಿದರೆ ತುಟಿ ಮರಗಟ್ಟುತ್ತದೆ, ನಾಲ್ಕು ಕುಡಿದರೆ ಜಗತ್ತೇ ಮರಗಟ್ಟುತ್ತದೆ. ಮ್ಯಾನೇಜರು ತಮ್ಮ ಹಳೆಯ ಪಂದ್ಯದ ಕತೆ ತೆಗೆದರು. ಕತೆಯಲ್ಲಿ ಇನ್ನೂ ಚೆಂಡು ಕೈಗೆ ಬಂದಿರಲಿಲ್ಲ. ಅಷ್ಟರಲ್ಲಿ ಪೆನಿಯಾಸಿಯ ಕಿಸೆಯಲ್ಲಿ ಫೋನು ಕಿರುಚಿತು. ಸರ್ವರೇ ಕೂಗುತ್ತಿತ್ತು: ಚಾಪೆಗಳು ಮುಗಿಯುತ್ತಾ ಬಂದಿವೆ!

“ಬಾಸ್, ನಾನು ಹೋಗ್ಬೇಕು!”

“ಕೂತ್ಕೊಳೋ. ಇನ್ನೂ ಗೋಲಿನ ಹತ್ರಾನೇ ಬಂದಿಲ್ಲ ನಾನು!”

“ಸರ್ವರ್ ಬೀಳೋ ಹಂಗಿದೆ ಬಾಸ್!”

“ಹೌದಾ?” ಎಂದ ಜೊವಿಲಿಸಿಯ ಮುಖ ಸೂರ್ಯ ಹುಟ್ಟಿದಂತೆ ಬೆಳಗಿತು. ಮರುಕ್ಷಣ ಕೆಮ್ಮಿ, ಹುಬ್ಬು ಗಂಟಿಕ್ಕಿ, “ಛೆ ಛೆ ಛೆ. ಓಡು, ಓಡು. ಅಲ್ಲ... ಮೆಲ್ಲಗೆ ಹೋಗು, ನೆಲ ಜಾರುತ್ತೆ,” ಎಂದರು.

ಮರಗಟ್ಟಿದ ಕಾಲುಗಳನ್ನು ಎಳೆದುಕೊಂಡು ಪೆನಿಯಾಸಿ ಕುರ್ಚಿಗೆ ಬಿದ್ದ. ತೆರೆಯ ಮೇಲೆ ನೋಡುತ್ತಾನೆ: ಟಿಕೆಟ್ ಕೊಂಡವರು ಕೊಂಡು ಹೋಗುತ್ತಿದ್ದಾರೆ, ಅವರ ತಂಟೆಯಿಲ್ಲ. ಆದರೆ ಕೂತಲ್ಲೇ ಕೂತವರ ಒಂದು ಹಿಂಡೇ ಬೆಳೆದುಬಿಟ್ಟಿತ್ತು. ಹೆಸರು ತುಂಬಿಸಿದ್ದಾರೆ, ಇಳಿಯುವ ಊರು ತುಂಬಿಸಿದ್ದಾರೆ, ದಕ್ಕೆಗೆ ಬಂದು ಕರೆದೊಯ್ಯಬೇಕಾದ ಊರಿನ ಬಂಧುವಿನ ನಂಬರನ್ನೂ ತುಂಬಿಸಿದ್ದಾರೆ. ಕೊನೆಯ ‘ಹೌದು’ ಗುಂಡಿಯೊಂದು ಬಾಕಿ. ಅದನ್ನು ಒತ್ತದೆ, ಎದ್ದೂ ಹೋಗದೆ, ಕಲ್ಲಿನ ಹಾಗೆ ಕೂತಿದ್ದಾರೆ. ಒಬ್ಬೊಬ್ಬರ ಹೆಸರಲ್ಲಿ ಮೂರು ಮೂರು ಫೋನು! ಅದರಲ್ಲೂ ದೊಡ್ಡ ಹಿಂಡು ಬಂದದ್ದು ಇದೇ ಕಚೇರಿಯಿಂದ, ಇನ್ನೊಂದು ಅವನು ವಾಸವಿರುವ ಕಟ್ಟಡದಿಂದ.

ಯಾಕೆ ಹೀಗೆ ಎಂದು ಪೆನಿಯಾಸಿ ತಲೆ ಕೆರೆದುಕೊಂಡ. ಎದ್ದು ಹೋಗಿ ನೋಡಿದರೆ ಪ್ರನೀತಾಳ ಮೇಜಿನ ಮೇಲೆ ಫೋನುಗಳು, ಬಿಸಿಲಿಗೆ ಹರವಿದ ಹಪ್ಪಳದಂತೆ ಸಾಲಾಗಿ ಮಲಗಿದ್ದವು. ಎಲ್ಲದರಲ್ಲೂ ‘ಮರಾಮಾ’ದ ಪುಟ. ಅವನನ್ನು ಕಂಡದ್ದೇ ಅವಳು ಅವುಗಳ ಮೇಲೆ ತನ್ನ ಸೆರಗು ಎಳೆದುಕೊಂಡಳು.

“ದೀದಿ, ಇಷ್ಟೊಂದು ಫೋನಾ?”

“ನಮ್ಮೆಜಮಾನರದ್ದು. ಮಕ್ಕಳದ್ದು. ಪಕ್ಕದ ಮನೆಯೋರದ್ದು... ಯಾವುದರಲ್ಲಾದ್ರೂ ಸಿಗ್ಲಿ ಅಂತ ಭೈಯಾ.”

“ನೀವು ‘ಹೌದು’ ಒತ್ತಿದ್ರಾ?”

“ಒತ್ತಿದ್ದೇ ಒತ್ತಿದ್ದು! ಬೆರಳು ಸವೆದುಹೋಯ್ತು. ಹೋಗ್ತಾನೇ ಇಲ್ಲ ನೋಡಿ. ಒಂದೊಂದರ ಫೋಟೋನೂ ತೆಗೆದು ಅತ್ತೆಗೆ ಕಳಿಸ್ತಿದೀನಿ, ಪಾಪ ಕಾಯ್ತಿರ್ತಾರಲ್ಲ!”

ಪೆನಿಯಾಸಿ ತನ್ನ ಕುರ್ಚಿಗೆ ಮರಳಿದ. ಲೊಸಾನಾ ಅಜ್ಜಿಗೆ ಫೋನ್ ಮಾಡಿದ. ಆ ಕಡೆಯಿಂದ ಸಂತೆಯ ಗದ್ದಲ ಕೇಳಿಸಿತು.

“ಹೌದು ಮಗಾ, ಬಿಲ್ಡಿಂಗಿನೋರೆಲ್ಲ ನಮ್ಮ ಜಗಲಿ ಮೇಲೇ ಇದೀವಿ. ಎಲ್ರೂ ಫೋನ್ ತೆರ್ಕೊಂಡು ಕೂತಿದೀವಿ. ನಿನ್ನ ಹೆಂಡ್ತಿ ಚಹಾ ಮಾಡ್ತಿದಾಳೆ.”

“‘ಹೌದು’ ಒತ್ತಿದ್ರಾ ಅಜ್ಜಿ?”

ಅಜ್ಜಿ ಪಕ್ಕದವರಿಗೆ ‘ಶ್!’ ಎಂದದ್ದು ಕೇಳಿಸಿತು. “ಕಣ್ಣು ಮಂಜು ಕಣೋ ನಂಗೆ. ಒತ್ತಿರ್ಬೇಕು. ಯಾಕೆ, ಬೀಳೋ ಹಂಗಿದೆಯಾ?”

“ಸ್ವಲ್ಪ ಹಂಗೇ ಇದೆ ಅಜ್ಜಿ.”

“ದೇವರು ದೊಡ್ಡೋನು!” ಎಂದಳು ಅಜ್ಜಿ. ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದಂತಾಯಿತು. ಕಷ್ಟದಲ್ಲಿ ದೇವರನ್ನು ನೆನೆಯುತ್ತಿದ್ದಾರೆ, ಎಂಥ ಜನ, ಎಂದುಕೊಂಡ ಪೆನಿಯಾಸಿ.

ಈಗ ಅವನಿಗೆ ಎಲ್ಲವೂ ಸ್ಪಷ್ಟವಾಯಿತು. ಎಂದರೆ, ಸ್ಪಷ್ಟವಾಯಿತು ಎಂದು ಅವನು ಅಂದುಕೊಂಡ. ಪಾಪ, ಇವರೆಲ್ಲ ‘ಹೌದು’ ಒತ್ತಿದ್ದಾರೆ. ಹಾಳು ನೆಟ್‌ವರ್ಕು ಆ ಹೌದನ್ನು ದಾರಿಯಲ್ಲೇ ನುಂಗಿದೆ. ಊರಿನ ಕನಸು ಕಾಣುತ್ತಾ ಗಂಟೆಗಟ್ಟಲೆ ಬಾಗಿಲಲ್ಲಿ ಕೂತಿದ್ದಾರೆ. ಅವರು ಏಳದೆ ಚಾಪೆ ಖಾಲಿಯಾಗುವುದಿಲ್ಲ. ಚಾಪೆ ಖಾಲಿಯಾಗದೆ ಹೊಸಬರು ಒಳಗೆ ಬರುವಂತಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಎಲ್ಲ ಕುಸಿಯುತ್ತದೆ, ನಾಳೆ ಗೋದಾಮು.

ಬರೆಯದೆ ಬಿಟ್ಟ ಆ ಸಾಲನ್ನು ಈಗ ಬರೆಯಲೇಬೇಕಾಯಿತು. ಕೂತವರನ್ನು ಎಬ್ಬಿಸುವುದು. ಬೆರಳು ಕೀಲಿಯ ಮೇಲಿಟ್ಟರೆ ಲೊಸಾನಾ ಅಜ್ಜಿಯ ನಿಟ್ಟುಸಿರು ಕಿವಿಯಲ್ಲಿ ಮೊಳಗುತ್ತಿತ್ತು. ಬೆಳಿಗ್ಗೆ ಮರಗೆಣಸು ಕೊಟ್ಟ ಕೈಯನ್ನು ಮಧ್ಯಾಹ್ನ ಹೊರಗೆ ತಳ್ಳುವುದೇ? ಬಂದ ನೆಂಟರು ಹೊರಟಾಗ ಕೈಗೆ ಒಂದು ಗೆಡ್ಡೆಯನ್ನಾದರೂ ಕೊಡದೆ ಕಳಿಸುವ ಮನೆಯಲ್ಲಿ ಅವನು ಹುಟ್ಟಿರಲಿಲ್ಲ. ಬೆವರು ಹನಿಯಿತು. ಹೊರಗಿನ ಸುವಾದ ಮಳೆ ಒಳಗೂ ಬಂದಂತಾಯಿತು.

ಆಗ ಅವನಿಗೆ ಆ ಯೋಚನೆ ಹೊಳೆಯಿತು. ಬರಿಗೈಯಲ್ಲಿ ಕಳಿಸಬೇಡ, ಕೊಟ್ಟು ಕಳಿಸು! ಬೇಕಾದಷ್ಟು ಸೀಟುಗಳಿವೆ, ಹಣ ಹೇಗೂ ಹಡಗು ಹತ್ತುವಾಗ ಕೊಡುವುದು. ಎಲ್ಲವನ್ನೂ ತುಂಬಿಸಿ ಇಷ್ಟು ಹೊತ್ತು ಕಾದವರ ಮನಸ್ಸಿನಲ್ಲಿ ‘ಹೌದು’ ಅಲ್ಲದೆ ಇನ್ನೇನಿದ್ದೀತು? ಪೆನಿಯಾಸಿ ಸರಸರನೆ ಬರೆದ: ಎಲ್ಲ ತುಂಬಿಸಿ ಬಹಳ ಹೊತ್ತು ಸುಮ್ಮನೆ ಕೂತವರ ‘ಹೌದು’ ತಲುಪಿದೆಯೆಂದೇ ತಿಳಿದು ಅವರಿಗೆ ಸೀಟು ಕೊಡು, ಒಬ್ಬರ ಹೆಸರಿಗೆ ಒಂದೇ ಸಲ. ಊರಿನ ಬಂಧುವಿಗೆ ಸಂದೇಶ ಕಳಿಸು. ‘ಕಾಯಿಸಿದ್ದಕ್ಕೆ ಕ್ಷಮಿಸಿ, ಪ್ರಯಾಣ ಸುಖವಾಗಲಿ’ ಎಂದು ಹೇಳು. ಆಮೇಲೆ ಬಾಗಿಲು ಹಾಕು. ಮಿಕ್ಕ ಖಾಲಿ ಕೂತವರಿಗೆ ಬರೀ ನಮಸ್ಕಾರ ಹೇಳು.

ಪ್ರೋಗ್ರಾಮನ್ನು ಓಡಿಸಿದ.

ತೆರೆಯ ಮೇಲೆ ಹಿಂಡಿಗೆ ಹಿಂಡೇ ಎದ್ದು ಹೊರಟಿತು. ಚಾಪೆಗಳು ಖಾಲಿಯಾದವು. ಹೊಸಬರು ಬಂದರು, ಕೂತರು, ಟಿಕೆಟ್ ಕೊಂಡರು, ಎದ್ದರು. ಸರ್ವರ್ ಬೆಳದಿಂಗಳ ಕೊಲ್ಲಿಯಂತೆ ಶಾಂತವಾಯಿತು. ಪೆನಿಯಾಸಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಗೋದಾಮು ದೂರ ದೂರ ತೇಲಿ ಹೋಯಿತು. ಇನ್ನು ಬಾಗಿಲು ತೆರೆಯುತ್ತದೆ, ಎಲ್ಲರೂ ಬಂದು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ.

ಬಾಗಿಲು ತೆರೆಯಿತು. ಬಂದವಳು ಪ್ರನೀತಾ. ಕೈಯಲ್ಲಿ ಫೋನು, ಕಣ್ಣಲ್ಲಿ ನೀರು.

“ಏನ್ ಮಾಡಿದ್ರಿ ಭೈಯಾ?”

“ಟಿಕೆಟ್ ಸಿಕ್ತಾ ದೀದಿ?” ಎಂದು ಅವನು ನಗುತ್ತಾ ಎದ್ದ.

“ಸಿಕ್ತು! ಮನೆಮಂದಿಗೆಲ್ಲ ಸಿಕ್ತು! ಅತ್ತೆಗೂ ಸುದ್ದಿ ಹೋಯ್ತು! ಈಗ ತಾನೇ ಫೋನ್ ಮಾಡಿದ್ರು. ನಾನು ಬರೋದನ್ನೇ ಕಾಯ್ತಿದ್ರಂತೆ, ಹಬ್ಬದ ಅಡುಗೆಯೆಲ್ಲ ಈ ಸಲ ನನ್ನ ಕೈಯದ್ದೇ ಅಂತೆ. ಹದಿನೈದು ದಿನ! ಮನೆ ತುಂಬ ಜನ! ಒಲೆ ಮುಂದೆ ನಾನೊಬ್ಬಳೇ!”

“ಆದ್ರೆ... ನೀವೇ ತಾನೇ ‘ಹೌದು’ ಒತ್ತಿದ್ದು?”

“ಯಾರು ಒತ್ತಿದ್ರು? ಒತ್ತಬಾರದು ಅಂತಲೇ ಬೆರಳು ಬಿಗಿಹಿಡಿದು ಕೂತಿದ್ದೆ! ತುಂಬಿಸಿದ್ದು ಫೋಟೋ ತೆಗೆಯೋಕೆ, ‘ನೋಡಿ ಅತ್ತೆ, ಎಷ್ಟು ಒದ್ದಾಡಿದೆ’ ಅಂತ ಹೇಳೋಕೆ! ಎಲ್ಲರೂ ತೆರೆದು ಕೂತರೆ ಬಿದ್ದೇಬೀಳುತ್ತೆ ಅಂತ ಬಾಸ್ ಹೇಳಿದ್ರಲ್ಲಾ!”

ಪೆನಿಯಾಸಿ ತಾನು ಬರೆದ ಸಾಲನ್ನು ತೆರೆಯ ಮೇಲೆ ಇನ್ನೊಮ್ಮೆ ಓದಿದ.

ಹಿಂದೆಯೇ ಎಲಿಕಿ ನುಗ್ಗಿದ. “ಭಾವ! ನೀನು ಭಾವ ಅಲ್ಲ, ಶಾಪ! ನಮ್ಮತ್ತೆಯ ಊರಲ್ಲಿ ಹಂದಿ ಕಟ್ಟಿಹಾಕಿದಾರಂತೆ ನನಗೋಸ್ಕರ! ಈಗ ಬರಲ್ಲ ಅಂದ್ರೆ ಆ ಹಂದಿಗೆ ಏನ್ ಹೇಳಲಿ? ನನ್ನ ಪಂದ್ಯ ಹೋಯ್ತು. ಊರಿಗೆಲ್ಲ ಉಡುಗೊರೆ ಅಂತ ಬಟ್ಟೆ, ಸೀಮೆಎಣ್ಣೆ, ಚಾಪೆ ಹೊರ್ಬೇಕು. ಆಮೇಲೆ ದೊಡ್ಡೋರ ಭಾಷಣ ಕೇಳ್ತಾ ಮೂರು ದಿನ ಮಂಡಿ ಮಡಿಸಿ ಕೂತಿರ್ಬೇಕು!”

“ನಿಮಗೆಲ್ಲ ಊರಂದ್ರೆ ಪ್ರಾಣ ಅಂತಿದ್ರಲ್ಲಾ?” ಎಂದ ಪೆನಿಯಾಸಿ, ಅಳು ಬಂದವನಂತೆ.

“ಪ್ರಾಣಾನೇ! ಅದಕ್ಕೇ ದೂರದಲ್ಲಿಟ್ಟಿದೀವಿ!”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಲೊಸಾನಾ ಅಜ್ಜಿ. “ಪೆನಿ, ನೀನು ಮನೆಗೆ ಹೇಗೆ ಬರ್ತೀಯೋ ನಾನೂ ನೋಡ್ತೀನಿ. ನಮ್ಮಣ್ಣ ಮೊಮ್ಮಕ್ಕಳಿಗೆಲ್ಲ ನನ್ನ ಕೈಯಲ್ಲಿ ಚಾಪೆ ಹೆಣೆಸ್ತಾನಂತೆ. ಮರಗೆಣಸು ವಾಪಸ್ ಕೊಡು!” ಅವಳು ಫೋನ್ ಇಟ್ಟದ್ದೇ ವಸೀಟಿಯ ಕರೆ ಬಂತು.

“ರೀ, ಅಪ್ಪ ಫೋನ್ ಮಾಡಿದ್ರು.”

“ನೀನೂನಾ?” ಎಂದ ಪೆನಿಯಾಸಿ.

“ಎಲ್ರೂ ತುಂಬಿಸ್ತಿದ್ರು, ನಾನೂ ತುಂಬಿಸಿದೆ. ನಿಮ್ಮ ಹೆಸರೂ ಹಾಕ್ದೆ. ನಿಮಗೆ ಗೊತ್ತಲ್ಲ, ಅಪ್ಪ ಮನೆ ಮಾಡಿಗೆ ತಗಡು ಹಾಕಿಸ್ಬೇಕು ಅಂತ ನಾಲ್ಕು ವರ್ಷದಿಂದ ನಿಮ್ಮ ದಾರೀನೇ ಕಾಯ್ತಿದಾರೆ. ಏಣಿ ಸಿದ್ಧ ಮಾಡಿದಾರಂತೆ.”

ಪೆನಿಯಾಸಿಗೆ ಎತ್ತರ ಕಂಡರೆ ತಲೆ ಸುತ್ತುತ್ತಿತ್ತು. ಈಗ ನೆಲದ ಮೇಲೆ ನಿಂತೇ ಸುತ್ತಿತು. ಆದರೂ ಒಂದು ಸಮಾಧಾನವಿತ್ತು. ಊರವರೆಲ್ಲ ಬೈಯಲಿ, ಮಾವ ಏಣಿ ಹತ್ತಿಸಲಿ, ಕೆಲಸ ಉಳಿಯಿತಲ್ಲ! ಬಾಸ್ ಎಲ್ಲರೆದುರು ಹೇಳಿದ ಮಾತು: ಬಿದ್ದರೆ ಗೋದಾಮು. ಬೀಳಲಿಲ್ಲ. ಆ ಒಂದು ಮಾತನ್ನು ಹಲಗೆಯಂತೆ ಅಪ್ಪಿಕೊಂಡು ತೇಲುತ್ತಾ ಅವನು ಮ್ಯಾನೇಜರ ಕೋಣೆಗೆ ಹೋದ.

ಜೊವಿಲಿಸಿ ಬೋಗುಣಿಯ ಮುಂದೆ ಒಬ್ಬರೇ ಕೂತಿದ್ದರು. ಆ ದೊಡ್ಡ ದೇಹ ಮಳೆಯಲ್ಲಿ ನೆನೆದ ಮೂಟೆಯಂತೆ ಕುಸಿದಿತ್ತು.

“ಬಾಸ್, ಸರ್ವರ್ ಬೀಳಲಿಲ್ಲ.”

“ಗೊತ್ತು.”

“ನನ್ನ ಕೆಲಸ...”

“ನಾಳೆ ಬೆಳಿಗ್ಗೆ ಗೋದಾಮಿಗೆ ಹೋಗು. ತಕ್ಕಡಿ ಹೇಗೆ ಹಿಡಿಯೋದು ಅಂತ ಅಲ್ಲಿನೋರು ಹೇಳಿಕೊಡ್ತಾರೆ.”

“ಬಾಸ್! ಬಿದ್ರೆ ತಾನೇ ಗೋದಾಮು ಅಂದಿದ್ದು?”

“ಹೋದ ವರ್ಷ ಬಿತ್ತು. ಕಳಿಸಿದ್ನಾ? ಅದರ ಹಿಂದಿನ ವರ್ಷ ಬಿತ್ತು. ಕಳಿಸಿದ್ನಾ? ಪ್ರತಿ ವರ್ಷ ಬೈ, ಇಟ್ಕೋ, ಬೈ, ಇಟ್ಕೋ. ಇಡೀ ಸುವಾದಲ್ಲಿ ನಿನ್ನಷ್ಟು ನಂಬಿಕಸ್ಥ ಇಲ್ಲ ಅಂತ ಇಟ್ಕೊಂಡಿದ್ದೆ ಕಣೋ ನಿನ್ನನ್ನ!”

“ಹಾಗಾದ್ರೆ ಸರ್ವರ್ ಯಾರು ನೋಡ್ಕೊಳ್ತಾರೆ?”

“ಆಕ್ಲೆಂಡಿನ ಕಂಪನಿಯೊಂದಕ್ಕೆ ಫೋನ್ ಮಾಡಿದ್ದೆ. ನಮ್ಮದು ಯಾವತ್ತೂ ಬೀಳಲ್ಲ ಸರ್ ಅಂದ. ಫೋನ್ ಇಟ್ಬಿಟ್ಟೆ. ಇನ್ನೊಬ್ಬರನ್ನ ಹುಡುಕ್ತಿದೀನಿ.” ಜೊವಿಲಿಸಿ ತಾವೇ ಒಂದು ಚಿಪ್ಪು ಬಗ್ಗಿಸಿಕೊಂಡರು, ಕುಡಿಯಲಿಲ್ಲ. “ಅದಿರ್ಲಿ. ಹೋಗೋ ಮುಂಚೆ ಒಂದು ಉಪಕಾರ ಮಾಡು. ಸವುಸವುಗೆ ನನ್ನ ಮಾವನಿಗೆ ಫೋನ್ ಮಾಡಿ, ಜೊವಿಲಿಸಿ ಈ ವರ್ಷ ಬರೋಕಾಗಲ್ಲ ಅಂತ ಹೇಳು.”

“ಯಾಕೆ ಅಂತ ಕೇಳಿದ್ರೆ ಏನ್ ಹೇಳಲಿ ಬಾಸ್?”

ಜೊವಿಲಿಸಿ ಚಿಪ್ಪನ್ನು ಮತ್ತೆ ಬೋಗುಣಿಗೇ ಸುರಿದರು.

“ನಾನೂ ಅದನ್ನೇ ಯೋಚಿಸ್ತಾ ಕೂತಿದೀನಿ. ಇಷ್ಟು ವರ್ಷ ಹೇಳೋಕೆ ಒಂದು ನೆಪ ಇತ್ತು. ಅದನ್ನ ನೀನು ರಿಪೇರಿ ಮಾಡ್ಬಿಟ್ಟೆ.”